ಹನ್ನೊಂದೂವರೆಗೆ ಹಿಂದಿರುಗಿ: ಕುಮಾರಪರ್ವತಕ್ಕೆ ತಂಡ ಕಟ್ಟುವವರಿಗೆ ಒಂದು ಬಹಿರಂಗ ಪತ್ರ



ಈ ಪತ್ರ ತಂಡ ಕಟ್ಟುವವರಿಗೆ. ವಾಟ್ಸ್ಆ್ಯಪ್‌ನಲ್ಲಿ ಗುಂಪು ಮಾಡಿ, ಯಾರು ಬರುತ್ತೀರಿ ಎಂದು ಹತ್ತು ಸಲ ಕೇಳಿ, ಬಸ್ಸಿನ ಟಿಕೆಟ್ ತೆಗೆದು, ಅರಣ್ಯ ಇಲಾಖೆಯ ಬುಕಿಂಗ್ ಮುಗಿಸಿ, ಎಲ್ಲರ ದುಡ್ಡು ಕೂಡಿಸಿ, ದಸರಾ ರಜೆಗೋ ಅಕ್ಟೋಬರಿನ ಒಂದು ಶನಿವಾರಕ್ಕೋ ‘ಕುಮಾರಪರ್ವತ ಫಿಕ್ಸ್’ ಎಂದು ಹಾಕಿದವರಿಗೆ. ನಿಮ್ಮನ್ನು ಯಾರೂ ನಾಯಕರೆಂದು ಆರಿಸಿರುವುದಿಲ್ಲ. ಆದರೆ ಬೆಟ್ಟದ ಮೇಲೆ ಮೋಡ ಕವಿದು ಮೊದಲ ಗುಡುಗು ಕೇಳಿದಾಗ ಉಳಿದವರೆಲ್ಲ ತಿರುಗಿ ನೋಡುವುದು ನಿಮ್ಮ ಮುಖವನ್ನೇ. ಅದಕ್ಕಾಗಿ ನಿಮ್ಮ ಹತ್ತಿರವೇ ಮಾತಾಡಬೇಕೆನಿಸಿತು.

ನಾನು ಆ ಬೆಟ್ಟದ ಬುಡದ ಸೀಮೆಯವಳು. ಬೆಟ್ಟ ಹತ್ತಬೇಡಿ ಎನ್ನಲು ಈ ಪತ್ರ ಬರೆಯುತ್ತಿಲ್ಲ. ಹಾದಿಯಲ್ಲಿ ಸಿಗುವ ಶೇಷಪರ್ವತದ ಹುಲ್ಲಿನ ಮೇಲೆ ನಿಂತು ಪಶ್ಚಿಮಕ್ಕೆ ಒಂದರ ಹಿಂದೊಂದು ಇಳಿದುಹೋಗುವ ಗುಡ್ಡಗಳನ್ನು ನೋಡುವ ಸುಖ ಎಲ್ಲರಿಗೂ ಸಿಗಲಿ ಎಂಬ ಆಸೆ ನನ್ನದು. ಹೇಳಬೇಕಾದದ್ದು ಒಂದೇ. ನೀವು ದಿನ ನೋಡಿ ಯೋಜನೆ ಹಾಕುತ್ತೀರಿ. ಆ ಬೆಟ್ಟದಲ್ಲಿ, ಆ ತಿಂಗಳಲ್ಲಿ, ನೋಡಬೇಕಾದದ್ದು ಗಂಟೆ.

ಮೊದಲು ಜಾಗದ ಲೆಕ್ಕ. ನೀವು ಹತ್ತಲು ಶುರುಮಾಡುವ ಕುಕ್ಕೆ ಸುಬ್ರಹ್ಮಣ್ಯ ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿದೆ, ಕುಮಾರಪರ್ವತದ ನೆತ್ತಿ 1712 ಮೀಟರ್. ಕರ್ನಾಟಕದಲ್ಲಿ ಒಂದೇ ಹಾದಿಯಲ್ಲಿ ಇಷ್ಟು ಏರುವ ಚಾರಣ ಹೆಚ್ಚಿಲ್ಲ. ಮೊದಲ ಐದಾರು ಕಿಲೋಮೀಟರ್ ದಟ್ಟ ಕಾಡು. ಗಿರಿಗದ್ದೆಯ ಭಟ್ಟರ ಮನೆ, ಅದರಾಚೆ ಅರಣ್ಯ ಇಲಾಖೆಯ ಠಾಣೆ ಕಳೆದರೆ ಕಾಡು ಮುಗಿದು ಹುಲ್ಲು ಶುರು. ಅಲ್ಲಿಂದ ಕಲ್ಲುಮಂಟಪ, ಕಲ್ಲುಮಂಟಪದಿಂದ ಶೇಷಪರ್ವತ. ಈ ಉದ್ದಕ್ಕೂ ನೀವು ಬೋಳು ಏಣಿನ ಮೇಲೆ ಇರುತ್ತೀರಿ. ಎದೆಮಟ್ಟದ ಹುಲ್ಲು ಬಿಟ್ಟರೆ ಸುತ್ತಲಿನ ಎತ್ತರದ ವಸ್ತು ನೀವೇ. ಶೇಷಪರ್ವತ ದಾಟಿದ ಮೇಲೆ ಒಂದಿಷ್ಟು ಇಳಿದು ಶೋಲಾ ಕಾಡು ಹೊಕ್ಕು ಮತ್ತೆ ಹತ್ತಿದರೆ ನೆತ್ತಿ. ಅಂದರೆ ಶಿಖರಕ್ಕೆ ಹೋದವರು ವಾಪಸು ಬರುವಾಗ ಶೇಷಪರ್ವತವನ್ನು ಇನ್ನೊಮ್ಮೆ ಹತ್ತಿಯೇ ಇಳಿಯಬೇಕು. ಈ ಮಾತನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಅಕ್ಟೋಬರ್. ಮಳೆಗಾಲ ಮುಗಿಯಿತು, ಹಸಿರು ಇನ್ನೂ ಉಳಿದಿದೆ, ಚಾರಣಕ್ಕೆ ದಾರಿ ತೆರೆಯಿತು ಎಂದು ನೀವು ಹೊರಡುವ ಹೊತ್ತು. ನಮ್ಮ ಕಡೆಯ ಲೆಕ್ಕದಲ್ಲಿ ಅದು ಹಸ್ತಾ ಮುಗಿದು ಚಿತ್ತಾ, ಸ್ವಾತಿ ಮಳೆ ನಡೆಯುವ ಕಾಲ. ಜುಲೈ ತಿಂಗಳ ಮಳೆ ಸಮುದ್ರದ ಕಡೆಯಿಂದ ಬರುತ್ತದೆ, ಹಗಲು ರಾತ್ರಿ ಎನ್ನದೆ ಸುರಿಯುತ್ತದೆ, ಗುಡುಗು ಕಡಿಮೆ. ಅಕ್ಟೋಬರಿನ ಮಳೆಯ ದಾರಿಯೇ ಬೇರೆ. ನೈಋತ್ಯ ಮಾರುತ ಸೋತು ಮೇಲುಗಾಳಿ ಪೂರ್ವದಿಂದ ಬೀಸತೊಡಗಿರುತ್ತದೆ. ನೆಲ ಹಸಿಯಾಗಿದೆ, ಬಿಸಿಲು ಚುರುಕಾಗಿದೆ. ಬೆಳಗಿನ ಬಿಸಿಲಿಗೆ ಕಾದ ತೇವದ ಗಾಳಿ ಘಟ್ಟದ ಇಳಿಜಾರನ್ನು ಹಿಡಿದು ಮೇಲೇರುತ್ತದೆ, ಸಮುದ್ರದ ಕಡೆಯಿಂದ ಬರುವ ಗಾಳಿ ಅದಕ್ಕೆ ಇನ್ನಷ್ಟು ತೇವ ತುಂಬುತ್ತದೆ. ಹನ್ನೊಂದು ಗಂಟೆಗೆ ಬಿಳಿ ಮೋಡ. ಹನ್ನೆರಡೂವರೆಗೆ ಅದೇ ಮೋಡ ಹೂಕೋಸಿನ ಹಾಗೆ ಗಂಟುಗಂಟಾಗಿ ಮೇಲಕ್ಕೆ ಬೆಳೆದಿರುತ್ತದೆ. ಎರಡರ ಹೊತ್ತಿಗೆ ಅದರ ಹೊಟ್ಟೆ ಕಪ್ಪು. ಘಟ್ಟದ ತಲೆಯ ಮೇಲೆ ಕಟ್ಟಿದ ಆ ಮೋಡವನ್ನು ಪೂರ್ವದ ಗಾಳಿ ಕರಾವಳಿಯ ಕಡೆಗೆ ತಳ್ಳುತ್ತದೆ. ನಮ್ಮ ಊರುಗಳಲ್ಲಿ ಅಂಗಳದಲ್ಲಿ ಅಡಿಕೆ ಹರಡಿದವರು ಮಧ್ಯಾಹ್ನ ಉಂಡು ಕೈತೊಳೆಯುತ್ತಲೇ ಒಮ್ಮೆ ಘಟ್ಟದ ಕಡೆ ತಲೆಯೆತ್ತಿ ನೋಡುವುದು ಇದಕ್ಕೇ. ಸಮುದ್ರದ ಕಡೆ ಯಾರೂ ನೋಡುವುದಿಲ್ಲ. ಮೂರರಿಂದ ಏಳರ ನಡುವೆ ಗುಡುಗು ಸಿಡಿಲಿನ ಮಳೆ ಒಂದು ಗಂಟೆ ಹೊಡೆದು ರಾತ್ರಿಗೆ ನಕ್ಷತ್ರ ಕಾಣುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ನಿರ್ಮಲ ಆಕಾಶ.

ಈಗ ನೀವು ಹತ್ತುವ ದಿಕ್ಕನ್ನು ನೋಡಿ. ಕುಕ್ಕೆಯಿಂದ ಹಾದಿ ಹೆಚ್ಚುಕಡಿಮೆ ನೇರ ಪೂರ್ವಕ್ಕೆ ಏರುತ್ತದೆ. ಮೋಡ ಕಟ್ಟುವುದು ಬೆಟ್ಟದ ತಲೆಯ ಮೇಲೆ ಮತ್ತು ಅದರಾಚೆ, ಸೋಮವಾರಪೇಟೆ, ಸಕಲೇಶಪುರದ ಕಡೆ. ನಿಮ್ಮ ಮತ್ತು ಆ ಮೋಡದ ನಡುವೆ ಇಡೀ ಬೆಟ್ಟವೇ ಅಡ್ಡ ನಿಂತಿರುತ್ತದೆ. ನಿಮ್ಮ ಬೆನ್ನ ಹಿಂದೆ ಕರಾವಳಿಯ ಆಕಾಶ ನೀಲಿಯಾಗಿ ಹೊಳೆಯುತ್ತಿರುತ್ತದೆ, ಫೋಟೊಗಳು ಚೆನ್ನಾಗಿ ಬರುತ್ತಿರುತ್ತವೆ, ‘ಹವಾ ಸೂಪರ್ ಆಗಿದೆ’ ಎಂದು ಎಲ್ಲರೂ ಹೇಳುತ್ತಿರುತ್ತಾರೆ. ಶೇಷಪರ್ವತದ ಅಂಚಿನ ಮೇಲಿಂದ ಆ ಕಪ್ಪು ತಲೆ ಹಣಕುವಾಗ ಅದು ನಿಮ್ಮಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲಿ ಇರುತ್ತದೆ. ಬಯಲಿನಲ್ಲಿ ಮೋಡವನ್ನು ಒಂದು ಗಂಟೆ ಮೊದಲೇ ಕಾಣುವ ನಿಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ‘ಮೋಡ ಕಂಡರೆ ಇಳಿದರಾಯಿತು’ ಎಂಬುದು ಈ ದಾರಿಯಲ್ಲಿ ಯೋಜನೆಯೇ ಅಲ್ಲ.

ಮೋಡ ಕಟ್ಟುವ ಗಂಟೆ, ಅದು ಕಣ್ಣಿಗೆ ಬೀಳದ ದಿಕ್ಕು, ಈ ಎರಡನ್ನೂ ನಿಮ್ಮ ವೇಳಾಪಟ್ಟಿಯ ಪಕ್ಕದಲ್ಲಿಟ್ಟು ನೋಡೋಣ. ಬೆಂಗಳೂರಿನಿಂದ ರಾತ್ರಿ ಬಸ್ಸು. ಬೆಳಗಿನ ಜಾವ ಸುಬ್ರಹ್ಮಣ್ಯ. ಮುಖ ತೊಳೆದು, ದೇವರಿಗೆ ಕೈಮುಗಿದು, ತಿಂಡಿ ತಿಂದು, ಯಾರದೋ ಪವರ್‌ಬ್ಯಾಂಕ್ ಹುಡುಕಿ ಹೊರಡುವಾಗ ಏಳೂವರೆ. ನಿದ್ದೆಗೆಟ್ಟ ಕಾಲುಗಳಲ್ಲಿ ಭಟ್ಟರ ಮನೆಗೆ ಹತ್ತೂವರೆ, ಹನ್ನೊಂದು. ಕಲ್ಲುಮಂಟಪಕ್ಕೆ ಹನ್ನೆರಡೂವರೆ. ಶೇಷಪರ್ವತಕ್ಕೆ ಎರಡು. ನೆತ್ತಿಗೆ ಮೂರು. ಬೆಟ್ಟದ ತೀರ ಬೋಳಾದ ಭಾಗದಲ್ಲಿ, ಆ ದಿನದ ತೀರ ಅಪಾಯದ ಗಂಟೆಗಳಲ್ಲಿ, ಹಿಂದಕ್ಕೆ ಬರಲು ಮತ್ತೆ ಏರಬೇಕಾದ ಜಾಗದಲ್ಲಿ ತಂಡವನ್ನು ನಿಲ್ಲಿಸುವ ವೇಳಾಪಟ್ಟಿ ಇದು. ಅಕ್ಟೋಬರ್ ಮಧ್ಯದಲ್ಲಿ ಆರೂಕಾಲಕ್ಕೆಲ್ಲ ಸೂರ್ಯ ಮುಳುಗುತ್ತಾನೆ ಎಂಬುದನ್ನೂ ಸೇರಿಸಿಕೊಳ್ಳಿ.

ಹಾಗಾಗಿ ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಅಕ್ಟೋಬರಿನಲ್ಲಿ ಕುಕ್ಕೆ ಕಡೆಯಿಂದ ರಾತ್ರಿ ಬಸ್ಸಿಳಿದು ಅದೇ ದಿನ ಶಿಖರ ಮುಟ್ಟಿ ಬರುವುದು ಸಾಮಾನ್ಯ ತಂಡಕ್ಕೆ ಆಗದ ಮಾತು. ಹಿಂದಿನ ದಿನ ಸಂಜೆಯೇ ಬನ್ನಿ. ಊರಲ್ಲಿ ಚೆನ್ನಾಗಿ ಮಲಗಿ. ಇಲಾಖೆಯವರು ದಾರಿ ಬಿಡುವ ಮೊದಲ ಗಳಿಗೆಯಲ್ಲೇ ಕಾಡು ಹೊಗಿ. ಹನ್ನೊಂದೂವರೆಗೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ. ಕಲ್ಲುಮಂಟಪದ ಹತ್ತಿರ ಇದ್ದರೆ ಕಲ್ಲುಮಂಟಪವೇ ಆ ದಿನದ ಗುರಿ, ಕಾಲು ಚುರುಕಾಗಿದ್ದು ಶೇಷಪರ್ವತ ತಲುಪಿದ್ದರೆ ಶೇಷಪರ್ವತ. ಶೇಷಪರ್ವತದಿಂದ ಹುಲ್ಲು ದಾಟಿ ಕಾಡಿನ ಅಂಚಿಗೆ ಬರಲು ಎರಡು ಎರಡೂವರೆ ಗಂಟೆ ಬೇಕು. ಹನ್ನೊಂದೂವರೆಗೆ ತಿರುಗಿದರೆ ಮಧ್ಯಾಹ್ನ ಎರಡರ ಹೊತ್ತಿಗೆ ಬೋಳಿನಿಂದ ಹೊರಬಿದ್ದಿರುತ್ತೀರಿ. ನೆತ್ತಿಯೇ ಬೇಕು ಎನ್ನುವವರು ಡಿಸೆಂಬರಿಗೆ ಬನ್ನಿ. ಆಗ ಗಾಳಿ ಒಣಗಿರುತ್ತದೆ, ಮಧ್ಯಾಹ್ನದ ಗುಡುಗು ಅಪರೂಪ. (ಚಂಪಾಷಷ್ಠಿ ಜಾತ್ರೆಯ ವಾರವೊಂದನ್ನು ಬಿಡಿ, ಸುಬ್ರಹ್ಮಣ್ಯದಲ್ಲಿ ಮಲಗಲು ಜಾಗ ಸಿಗುವುದಿಲ್ಲ.) ಬೆಟ್ಟದ ಇನ್ನೊಂದು ಬದಿಯ ಬೀದಹಳ್ಳಿ ಕಡೆಯ ದಾರಿ ಹತ್ತಿರದ್ದು, ಕಾಡಿನೊಳಗೇ ಹೆಚ್ಚು ಸಾಗುತ್ತದೆ ಎಂದು ಹಲವರು ಅದನ್ನು ಆರಿಸುತ್ತಾರೆ. ಆದರೆ ನೆತ್ತಿಗೆ ಸ್ವಲ್ಪ ಮೊದಲು ಕಡಿದಾದ ಬಂಡೆಹಾಸುಗಳಿವೆ. ಒಣಗಿದ್ದಾಗ ಕೈಕಾಲೂರಿ ಹತ್ತಬಹುದು. ಒಂದು ಮಳೆ ಬಿದ್ದರೆ ಅದೇ ಬಂಡೆಯಲ್ಲಿ ಇಳಿಯುವುದು ಬೇರೆಯೇ ಕೆಲಸ, ಅಲ್ಲಿ ಕಾಲು ಮುರಿದುಕೊಂಡವರನ್ನು ಹೊತ್ತು ತರುವುದು ಅದಕ್ಕಿಂತ ಕಷ್ಟದ ಕೆಲಸ.

ಮುನ್ಸೂಚನೆ ನೋಡಿಯೇ ಬರುತ್ತೇವೆ ಎನ್ನುತ್ತೀರಿ. ಒಳ್ಳೆಯದು, ಆದರೆ ಯಾವ ಜಾಗದ ಮುನ್ಸೂಚನೆ? ಫೋನಿನಲ್ಲಿ ‘ಸುಬ್ರಹ್ಮಣ್ಯ’ ಎಂದು ಹಾಕಿದರೆ ಬರುವುದು 120 ಮೀಟರ್ ಎತ್ತರದ ಊರಿನದು. ನೇರ ಗೆರೆ ಎಳೆದರೆ ಅಲ್ಲಿಂದ ನೆತ್ತಿಗೆ ಒಂಬತ್ತು ಕಿಲೋಮೀಟರ್ ಸಹ ಇಲ್ಲ. ಹವಾಮಾನದ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಆರೋ ಹನ್ನೆರಡೋ ಕಿಲೋಮೀಟರ್ ಅಗಲದ ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಅಂಥ ಒಂದೆರಡು ಚೌಕಗಳೊಳಗೆ ನಮ್ಮ ಬೆಟ್ಟ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಎದ್ದು ನಿಂತಿದೆ. ಅಷ್ಟು ಕಡಿದಾದ ಏರನ್ನು ಆ ಲೆಕ್ಕ ಸವರಿ ಸಪಾಟು ಮಾಡಿಬಿಡುತ್ತದೆ. ಇನ್ನೊಂದು ತೊಡಕು, ಈ ಬೆಟ್ಟ ದಕ್ಷಿಣ ಕನ್ನಡ, ಕೊಡಗು, ಹಾಸನ ಮೂರೂ ಜಿಲ್ಲೆಗಳು ಕೂಡುವ ಜಾಗದಲ್ಲಿದೆ. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುವುದು ಜಿಲ್ಲೆವಾರು. ಮೂರನ್ನೂ ನೋಡಿ, ಮೂರರಲ್ಲಿ ಹೆಚ್ಚಿನದನ್ನು ನಿಮ್ಮದೆಂದು ತಿಳಿಯಿರಿ. ಕಿತ್ತಳೆ ಇದ್ದರೆ ಬಸ್ ಟಿಕೆಟ್ ಹೋದರೆ ಹೋಗಲಿ. ಬಂಗಾಳ ಕೊಲ್ಲಿಯಲ್ಲೋ ಅರಬ್ಬಿ ಸಮುದ್ರದಲ್ಲೋ ವಾಯುಭಾರ ಕುಸಿತ ಇದೆ ಎಂಬ ಸುದ್ದಿ ಬಂದರೂ ಅಷ್ಟೇ, ಆಗ ‘ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಗುಡುಗು’ ಎಂಬ ನಾನು ಹೇಳಿದ ಕ್ರಮವೇ ಉಳಿಯುವುದಿಲ್ಲ, ಯಾವ ಗಂಟೆಯಲ್ಲೂ ಸುರಿಯಬಹುದು. ಹಳದಿ ಇದ್ದ ದಿನ ಬರಬಹುದು, ಆದರೆ ತಿರುಗುವ ಸಮಯವನ್ನು ಅರ್ಧ ಗಂಟೆ ಹಿಂದಕ್ಕೆ ತನ್ನಿ.

ಹೊರಡುವ ದಿನ ಬೆಳಿಗ್ಗೆ ಹವಾಮಾನ ಇಲಾಖೆಯ ಮೂರು ಗಂಟೆ ಮುಂದಿನ ಮುನ್ಸೂಚನೆ ನೋಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸುತ್ತಲಿನ 20, 40 ಕಿಲೋಮೀಟರಿನಲ್ಲಿ ಸಿಡಿಲು ಬೀಳುತ್ತಿದ್ದರೆ ತಿಳಿಸುತ್ತದೆ, ಅದನ್ನು ತಂಡದ ಎಲ್ಲರೂ ಹಾಕಿಕೊಳ್ಳಲಿ. ಆದರೆ ಏಣಿನ ಮೇಲೆ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಭಟ್ಟರ ಮನೆಯ ಹತ್ತಿರ ನಿಂತು ಕೊನೆಯ ಸಲ ನೋಡಿಕೊಂಡು, ಆಮೇಲೆ ನಿಮ್ಮ ಕಣ್ಣು, ಕಿವಿ, ಮೈಚರ್ಮವನ್ನು ನಂಬಿ. ಬೆಳಿಗ್ಗೆ ಎಂಟಕ್ಕೇ ಕಾಡಿನೊಳಗೆ ಉಸಿರುಕಟ್ಟುವ ಸೆಕೆ ಇದೆಯೇ? ಹತ್ತು ಗಂಟೆಯ ಮೋಡ ಅಗಲಕ್ಕಿಂತ ಎತ್ತರಕ್ಕೆ ಹೆಚ್ಚು ಬೆಳೆಯುತ್ತಿದೆಯೇ? ಅಲ್ಲಿಯವರೆಗೆ ಬೀಸುತ್ತಿದ್ದ ಗಾಳಿ ಪಕ್ಕನೆ ನಿಂತು, ಹುಲ್ಲಿನ ತುದಿ ಸಹ ಅಲುಗದೆ, ಮರುಕ್ಷಣವೇ ಮೇಲಿನಿಂದ ತಣ್ಣನೆಯ ಗಾಳಿ ಮಣ್ಣಿನ ವಾಸನೆ ಹೊತ್ತು ಬಂದು ಮುಖಕ್ಕೆ ಹೊಡೆಯಿತೇ? ಈ ಕೊನೆಯದು ಬಂತೆಂದರೆ ಮಳೆ ಈಗಾಗಲೇ ಹತ್ತಿರದಲ್ಲಿ ಇಳಿಯುತ್ತಿದೆ. ಮೋಡದಿಂದ ಕೆಳಗೆ ಬಿದ್ದ ತಣ್ಣನೆಯ ಗಾಳಿ ಮಳೆಗಿಂತ ಮುಂದೆ ಓಡಿ ಬರುತ್ತದೆ. ಗಡಿಯಾರ ಎಷ್ಟೇ ತೋರಿಸುತ್ತಿರಲಿ, ತಿರುಗಿ.

ಸಿಡಿಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ, ಹೆಚ್ಚಿನವರು ಬಯಲಿನಲ್ಲಿ ಕೆಲಸ ಮಾಡುವವರು. ಅವರಿಗೆ ಅಲ್ಲಿ ಇರಲೇಬೇಕಾದ ಅನಿವಾರ್ಯ ಇತ್ತು, ನಿಮಗಿಲ್ಲ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ, ಮುಂದಿನದು ನಿಮ್ಮ ಮೇಲೆ ಬೀಳಬಹುದಾದ ದೂರ ಅದು. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಕಳೆಯುವವರೆಗೆ ಬೋಳಿಗೆ ಮರಳಬೇಡಿ.

ಮಳೆ ಬಂದಾಗ ಎಲ್ಲರೂ ಓಡುವುದು ಕಲ್ಲುಮಂಟಪಕ್ಕೆ. ಬಿಸಿಲಿಗೆ ಅದರ ನೆರಳು ಹಾಯಾಗಿದೆ, ಹತ್ತಿರದಲ್ಲೇ ನೀರೂ ಇದೆ. ಸಿಡಿಲಿಗೆ ಅದು ಆಸರೆಯಲ್ಲ. ಕಲ್ಲಿನ ಕಂಬದ ಮೇಲೆ ಕಲ್ಲಿನ ಚಪ್ಪಡಿ, ಸುತ್ತ ಬಯಲು. ಅಲ್ಲಿ ಸಿಡಿಲು ಬಡಿದರೆ ಒದ್ದೆ ಕಲ್ಲಿನ ಮೇಲಿಂದ, ನೆಲದ ಮೇಲಿಂದ ಹರಿದು ಒಳಗೆ ಒತ್ತೊತ್ತಾಗಿ ನಿಂತವರೆಲ್ಲರನ್ನೂ ಒಟ್ಟಿಗೆ ತಾಗಬಹುದು. ಒಂಟಿ ಮರ, ದೊಡ್ಡ ಬಂಡೆಯ ಸಂದು ಇವುಗಳ ಕತೆಯೂ ಅದೇ. ಏಣನ್ನು ಬಿಟ್ಟು ಆದಷ್ಟು ಬೇಗ ಕೆಳಗಿಳಿಯುವುದೊಂದೇ ದಾರಿ. ಇಳಿಯುವಾಗ ಒಬ್ಬರಿಗೊಬ್ಬರು ಕಣ್ಣಿಗೆ ಕಾಣುವಷ್ಟು ದೂರ ಬಿಟ್ಟು ನಡೆಯಿರಿ, ಒಬ್ಬರಿಗೆ ಏಟಾದರೆ ಎತ್ತಲು ಉಳಿದವರು ಇರಬೇಕು. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಮುಟ್ಟಲು ಹೆದರಬೇಡಿ. ಉಸಿರಾಟ ನಿಂತಿದ್ದರೆ ಆ ಕ್ಷಣವೇ ಎದೆ ಒತ್ತಿ ಉಸಿರು ಕೊಡಲು ಶುರುಮಾಡಿ, ಹಾಗೆ ಮಾಡಿದ್ದರಿಂದ ಬದುಕಿದವರಿದ್ದಾರೆ. ತಂಡದಲ್ಲಿ ಇಬ್ಬರಿಗಾದರೂ ಅದು ಗೊತ್ತಿರಲಿ. ಹೊರಡುವ ಮೊದಲು ಕಲಿಯಲು ಒಂದು ಸಂಜೆ ಸಾಕು. 112ಕ್ಕೆ ಕರೆ ಮಾಡಿ, ಯಾವ ಕಂಪನಿಯ ಸಿಗ್ನಲ್ ಸಿಕ್ಕರೂ ಅದು ಹೋಗುತ್ತದೆ.

ಚಳಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕರಾವಳಿಯ ಪಕ್ಕದ ಬೆಟ್ಟ, ಎಂಥ ಚಳಿ ಎಂದು ಕೇಳುತ್ತಾರೆ. ಕುಕ್ಕೆಯಿಂದ ನೆತ್ತಿಗೆ ಹೋಗುವಷ್ಟರಲ್ಲಿ ಉಷ್ಣಾಂಶ ಸುಮಾರು ಹತ್ತು ಡಿಗ್ರಿ ಇಳಿದಿರುತ್ತದೆ, ಗುಡುಗು ಮಳೆಯ ಗಾಳಿ ಅದನ್ನು ಇನ್ನೂ ಇಳಿಸುತ್ತದೆ. ಒಂದು ವರ್ಷ ಸಂಜೆಯ ಹೊತ್ತು ಕಾಡಿನ ಬುಡದಲ್ಲಿ ಇಳಿದು ಬಂದ ತಂಡವೊಂದನ್ನು ನೋಡಿದ್ದೆ. ಜೀನ್ಸ್ ಒದ್ದೆಯಾಗಿ ಕಾಲಿಗೆ ಅಂಟಿದ್ದ ಹುಡುಗನೊಬ್ಬ ಇಂಬಳ ತೆಗೆಯಲೆಂದು ಷೂ ಬಿಚ್ಚಲು ಕೂತಿದ್ದ. ಲೇಸಿನ ತುದಿ ಬೆರಳಿಗೆ ಸಿಗುತ್ತಿರಲಿಲ್ಲ. ಮೂರು ಸಲ ಹಿಡಿದ, ಮೂರು ಸಲವೂ ಜಾರಿತು. ‘ಏನಾಯ್ತೋ’ ಎಂದು ಗೆಳತಿ ಕೇಳಿದರೆ ತೊದಲುತ್ತ ‘ಏನಿಲ್ಲ’ ಎಂದ. ಪಕ್ಕದ ಮನೆಯ ಹೆಂಗಸು ಒಳಗೆ ಕರೆದು ಅವನ ಬಟ್ಟೆ ಬದಲಿಸಿ, ಕಂಬಳಿ ಹೊದಿಸಿ, ಬೆಲ್ಲದ ಕಾಫಿ ಕುಡಿಸಿದ ಮೇಲೆ ಅರ್ಧ ಗಂಟೆಗೆ ಮಾತು ಸರಿಯಾಯಿತು. ಬೆರಳು ಹಿಡಿತ ತಪ್ಪುವುದು, ನಾಲಿಗೆ ತೊದಲುವುದು, ‘ನನಗೇನೂ ಆಗಿಲ್ಲ’ ಎನ್ನುವುದು, ಮೈಯೊಳಗಿನ ಬಿಸಿ ಇಳಿಯುತ್ತಿರುವ ಲಕ್ಷಣಗಳು. ಬೆಟ್ಟದ ಮೇಲೆ ಹೀಗಾದರೆ ಬಾಗಿಲು ತೆರೆಯುವ ಮನೆ ಇರುವುದಿಲ್ಲ. ಜೀನ್ಸ್ ಬೇಡ. ಒಂದು ಜೊತೆ ಒಣಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಬ್ಯಾಗಿನ ತಳದಲ್ಲಿಡಿ. ಗಾಳಿಗೆ ಹಾರುವ ಪ್ಲಾಸ್ಟಿಕ್ ಹೊದಿಕೆಗಿಂತ ಗುಂಡಿ ಇರುವ ರೇನ್‌ಕೋಟ್ ಮೇಲು. ತಲೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರಲ್ಲೂ ಇರಲಿ.

ಮಂಜಿನ ಬಗ್ಗೆ ಒಂದು ಮಾತು. ಮಳೆಗಾಲ ಕಳೆದ ಹುಲ್ಲು ಎತ್ತರಕ್ಕೆ ಬೆಳೆದು ದಾರಿಯನ್ನು ಮುಚ್ಚಿರುತ್ತದೆ. ಮೋಡ ಇಳಿದು ಏಣನ್ನು ಮುಚ್ಚಿದರೆ ಹತ್ತು ಹೆಜ್ಜೆ ಮುಂದಿನವರು ಕಾಣುವುದಿಲ್ಲ, ದನಗಳ ಜಾಡು, ಆನೆಯ ಜಾಡು ಎಲ್ಲವೂ ದಾರಿಯಂತೆಯೇ ತೋರುತ್ತವೆ. ಆಗ ಅಡ್ಡದಾರಿ ಹುಡುಕಬೇಡಿ. ಎಲ್ಲರೂ ಒಂದಾಗಿ, ಹತ್ತಿ ಬಂದ ಜಾಡಿನಲ್ಲೇ ಇಳಿಯಿರಿ.

ಕೊನೆಯದಾಗಿ ತಂಡದ ಮಾತು. ನಿಮ್ಮನ್ನೇ ಉದ್ದೇಶಿಸಿ ಬರೆಯಲು ಕಾರಣವೂ ಇದೇ. ಹನ್ನೆರಡು ಜನ ಬಂದರೆ ಶೇಷಪರ್ವತದ ಏರಿನಲ್ಲಿ ಅವರು ಮೂರು ತುಂಡಾಗಿರುತ್ತಾರೆ. ಮುಂದಿನ ನಾಲ್ವರಿಗೆ ನೆತ್ತಿ ಕಾಣುತ್ತಿರುತ್ತದೆ. ಹಿಂದಿನ ಮೂವರಿಗೆ ನೀರು ಮುಗಿದಿರುತ್ತದೆ. ‘ಇಷ್ಟು ದೂರ ಬಂದು ವಾಪಸು ಹೋಗುವುದಾ’ ಎಂಬ ಪ್ರಶ್ನೆ ಬರುವುದು ಆಗಲೇ, ಮತ್ತು ಆ ಗಳಿಗೆಯಲ್ಲಿ ಬೇಡ ಎನ್ನುವವರು ಎಲ್ಲರ ಕಣ್ಣಿಗೆ ಹೇಡಿಗಳಾಗುತ್ತಾರೆ. ಆ ಹೊರೆಯನ್ನು ಯಾರ ತಲೆಯ ಮೇಲೂ ಹಾಕಬೇಡಿ. ತಿರುಗುವ ಸಮಯವನ್ನು ಬೆಂಗಳೂರಿನಲ್ಲಿ ಇರುವಾಗಲೇ, ಎಲ್ಲರೂ ಒಣಗಿ ಬೆಚ್ಚಗೆ ಕೂತಿರುವಾಗಲೇ ಗೊತ್ತು ಮಾಡಿ. ತಂಡದಲ್ಲಿ ನಿಧಾನ ನಡೆಯುವವರ ವೇಗವೇ ಲೆಕ್ಕಕ್ಕೆ ಆಧಾರವಾಗಲಿ, ಚುರುಕು ಕಾಲಿನವರದ್ದು ಬೇಡ. ತಂಡ ಒಡೆದು ಅರ್ಧ ಜನ ಮೇಲೆ, ಅರ್ಧ ಜನ ಕೆಳಗೆ ಎಂಬ ಏರ್ಪಾಡು ಹುಲ್ಲಿನ ಮೇಲೆ ಬೇಡವೇ ಬೇಡ. ಬಿಡುವುದಾದರೆ ಭಟ್ಟರ ಮನೆಯ ಹತ್ತಿರ ಬಿಡಿ. ಇನ್ನೊಂದು ನಿಯಮವನ್ನೂ ಸೇರಿಸಿ: ಯಾರಾದರೂ ಒಬ್ಬರು, ಮೊದಲ ಸಲ ಬೆಟ್ಟ ಹತ್ತುತ್ತಿರುವವರೇ ಆಗಲಿ, ‘ಸಾಕು, ಇಳಿಯೋಣ’ ಎಂದರೆ ಕಾರಣ ಕೇಳದೆ ಎಲ್ಲರೂ ಇಳಿಯಬೇಕು.

2024ರ ಜನವರಿಯಲ್ಲಿ ಈ ಬೆಟ್ಟದಲ್ಲಿ ಆದ ಜನಜಂಗುಳಿಯ ನಂತರ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂದು ದಿನದ ಚಾರಣಿಗರ ಸಂಖ್ಯೆಗೆ ಮಿತಿ ಹಾಕಿದೆ. ಅದು ಬೇಕಾಗಿತ್ತು. ಆದರೆ ಅದರಿಂದ ಒಂದು ಒತ್ತಡವೂ ಹುಟ್ಟಿದೆ: ಕಷ್ಟಪಟ್ಟು ಸಿಕ್ಕಿದ ದಿನ, ಬಿಟ್ಟರೆ ಮತ್ತೆ ಸಿಗುವುದಿಲ್ಲ. ಆ ಒತ್ತಡವೇ ಜನರನ್ನು ಕಪ್ಪು ಮೋಡದ ಕೆಳಗೆ ಹತ್ತಿಸುತ್ತದೆ ಎಂದು ನನಗೆ ಅನಿಸುತ್ತದೆ. ಇಲಾಖೆಯವರಲ್ಲೂ ನನ್ನದೊಂದು ಕೋರಿಕೆ: ಸಿಡಿಲಿನ ಎಚ್ಚರಿಕೆ ಇದ್ದ ದಿನ ಬಾರದೆ ಉಳಿದವರಿಗೆ ಇನ್ನೊಂದು ದಿನ ಬದಲಿಸಿಕೊಳ್ಳಲು ಸುಲಭವಾಗಿ ಬಿಡಿ, ಠಾಣೆಯ ಹಲಗೆಯ ಮೇಲೆ ಆ ದಿನ ತಿರುಗಬೇಕಾದ ಗಂಟೆಯನ್ನು ದೊಡ್ಡದಾಗಿ ಬರೆಯಿರಿ.

ನೀವು ಇಷ್ಟು ಮಾಡಿ. ಬುಕಿಂಗ್ ಚೀಟಿ, ಬಸ್ಸಿನ ಟಿಕೆಟ್ ಹಾಕಿದ ಅದೇ ಗುಂಪಿನಲ್ಲಿ ಮೂರು ಸಾಲು ಬರೆಯಿರಿ: ಎಷ್ಟು ಗಂಟೆಗೆ ತಿರುಗುತ್ತೇವೆ, ಎಷ್ಟು ಗಂಟೆಗೆ ಕೆಳಗೆ ಇರುತ್ತೇವೆ, ಅಷ್ಟರೊಳಗೆ ಫೋನ್ ಬಾರದಿದ್ದರೆ ಮನೆಯವರು ಯಾರಿಗೆ ಕರೆ ಮಾಡಬೇಕು. ಬೆಳಿಗ್ಗೆ ಠಾಣೆಯಲ್ಲಿ ಹೆಸರು ಬರೆಸುವಾಗ ಅಲ್ಲಿನ ಸಿಬ್ಬಂದಿಗೂ ಅದೇ ಮೂರು ಸಾಲು ಹೇಳಿ. ಇಳಿದು ಬಂದ ಮೇಲೆ ಹಾಗೇ ಬಸ್ ನಿಲ್ದಾಣಕ್ಕೆ ಹೋಗದೆ, ಎಲ್ಲರೂ ಬಂದೆವು ಎಂದು ಅವರಿಗೊಂದು ಮಾತು ತಿಳಿಸಿ ಹೋಗಿ.

ನಿಮ್ಮ ಕ್ಷೇಮ ಬಯಸುವ,
ಘಟ್ಟದ ಬುಡದ ಊರಿನವಳು